ಐವತ್ತೆರಡನೆಯ ಹೆಸರು

ಆರ್ಡೆಲ್ ಗೇನ್ಸ್‌ಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಸುಳ್ಳೇ ಉಸಿರಾದ ಕಸುಬಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಇದು ಸಣ್ಣ ಹೊಗಳಿಕೆಯಲ್ಲ. ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳು ಕಾಲೇಜು ಹುಡುಗರ ಹೆಸರನ್ನು ಒಂದೊಂದಾಗಿ ಕೂಗಿ ಆರಿಸಿಕೊಳ್ಳುತ್ತವಲ್ಲ, ಆ ಡ್ರಾಫ್ಟ್‌ನಲ್ಲಿ ಯಾರನ್ನು ಯಾವ ತಂಡ ಎಷ್ಟನೆಯವನಾಗಿ ಎತ್ತಿಕೊಳ್ಳುತ್ತದೆ ಎಂದು ಮೊದಲೇ ಬರೆದು ಹೇಳುವುದು ಅವನ ಕೆಲಸ. ಈ ಕೆಲಸ ಮಾಡುವವರು ಅಮೆರಿಕದ ತುಂಬ ಇದ್ದಾರೆ. ಅರ್ಧಕ್ಕರ್ಧ ಜನ ಚೆಂಡನ್ನು ಕೈಯಲ್ಲಿ ಹಿಡಿದೇ ನೋಡಿಲ್ಲ. ಆದರೆ ಇಂಡಿಯಾನಾದ ಆಂಡರ್ಸನ್ ಊರಿನ ಆರ್ಡೆಲ್ ಬರೆದ ಪಟ್ಟಿ ಎಂದರೆ ಅದಕ್ಕೊಂದು ತೂಕವಿತ್ತು. ಹುಡುಗರ ಪರವಾಗಿ ತಂಡಗಳೊಡನೆ ವ್ಯವಹರಿಸುವ ಏಜೆಂಟರು ಅವನಿಗೆ ಬೆಣ್ಣೆ ಹಚ್ಚುತ್ತಿದ್ದರು, ತಂಡದವರು ದಾರಿ ತಪ್ಪಿಸಲು ನೋಡುತ್ತಿದ್ದರು. ಆತ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಒಬ್ಬರನ್ನೊಬ್ಬರು ಅರಿಯದ ಇಬ್ಬರ ಬಾಯಲ್ಲಿ ಒಂದೇ ಸುದ್ದಿ ಬಂದರೆ ಮಾತ್ರ ನಂಬುತ್ತಿದ್ದ.

ಆ ವರ್ಷ ಅವನ ಸ್ವಂತ ತಂಗಿಯ ಮಗ ಟೆವಿನ್ ಡ್ರಾಫ್ಟ್‌ಗೆ ಹೆಸರು ಕೊಟ್ಟಿದ್ದ. ಮಾವನ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಇದನ್ನು ಆಡಿಕೊಳ್ಳದವರು ಆಂಡರ್ಸನ್‌ನಲ್ಲಿ ಯಾರೂ ಉಳಿದಿರಲಿಲ್ಲ. ಓಥಾ ಮುದುಕನ ಕ್ಷೌರದಂಗಡಿಯಲ್ಲಂತೂ ಶನಿವಾರ ಕಾಲಿಡುವಂತಿರಲಿಲ್ಲ.

"ಬನ್ನಿ ಜ್ಯೋತಿಷಿಗಳೇ, ಕೂತ್ಕೊಳಿ," ಎಂದ ಓಥಾ, ಬಟ್ಟೆಯನ್ನು ಆರ್ಡೆಲ್‌ನ ಕೊರಳಿಗೆ ಬೇಕೆಂದೇ ಬಿಗಿಯಾಗಿ ಕಟ್ಟುತ್ತ. "ಅಲ್ಲ ಕಣಯ್ಯಾ, ಲಿಥುವೇನಿಯಾ ಹುಡುಗನ ಹೆಸರಿದೆ ನಿನ್ನ ಪಟ್ಟೀಲಿ. ಆ ದೇಶ ಎಲ್ಲಿದೆ ಅಂತಾನೂ ನಿಂಗೊತ್ತಿಲ್ಲ. ನಿನ್ನ ತಂಗಿ ಮಗ ಏನು ಪಾಪ ಮಾಡಿದ್ದ?"

"ಅವನ ಕಾಲು ನಿಧಾನ, ಓಥಣ್ಣ."

"ಯಾರ ಕಾಲು? ನಿನ್ನದಾ? ಹೈಸ್ಕೂಲಲ್ಲಿ ನೀನು ಆಡೋದನ್ನ ನೋಡಿದ್ದೀನಪ್ಪಾ ನಾನು. ಗ್ಯಾಲರೀಲಿ ಕೂತಿದ್ದ ನಮ್ಮಜ್ಜಿ ನಿನಗಿಂತ ಬೇಗ ಓಡ್ತಿದ್ಲು."

ಅಂಗಡಿ ಬಿದ್ದು ಬಿದ್ದು ನಕ್ಕಿತು. ಆರ್ಡೆಲ್ ಕೂಡ ನಕ್ಕ. ಆದರೆ ಅವನು ಹೇಳಿದ್ದು ನಿಜ. ಟೆವಿನ್ ದೂರದಿಂದ ಬುಟ್ಟಿಗೆ ಚೆಂಡು ಹೊಡೆಯುವುದನ್ನು ನೋಡಿದರೆ ಕಣ್ಣು ತಂಪಾಗುತ್ತಿತ್ತು. ಚರ್ಚಿನ ಹಿಂದಿನ ಅಂಗಳದಲ್ಲಿ, ಅವನು ಚೆಂಡಿಗಿಂತ ಸ್ವಲ್ಪ ದೊಡ್ಡವನಿದ್ದಾಗಲೇ, ಆ ಮೊಣಕೈಯನ್ನು ಹಿಡಿದು ತಿದ್ದಿದವನು ಆರ್ಡೆಲ್‌ನೇ. ಆದರೆ ಎದುರಾಳಿಯನ್ನು ತಡೆಯುವ ಹೊತ್ತು ಬಂದರೆ ಆ ಕಾಲುಗಳು ಸಾಲವು. ಚುರುಕಾದ ಹುಡುಗರು ಅವನ ಪಕ್ಕದಲ್ಲೇ ಹಾದು ಹೋಗಿಬಿಡುತ್ತಿದ್ದರು. ಯಾವ ತಂಡವೂ ಅವನನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಆರ್ಡೆಲ್‌ಗೆ ಸ್ಪಷ್ಟವಾಗಿತ್ತು. ಈ ವರ್ಷ ಅಲ್ಲ. ಕಾಲೇಜಿನಲ್ಲಿ ಇನ್ನೊಂದು ವರ್ಷ ಬಾಕಿಯಿತ್ತು, ಆಗ ತಂಡವನ್ನೇ ಅವನ ಕೈಗೆ ಕೊಡುತ್ತೇನೆಂದು ಕೋಚ್ ಹೇಳಿದ್ದ. ಕಾಲಿಗೆ ಕೆಲಸ ಕೊಟ್ಟರೆ ಬರುವ ವರ್ಷ ನೋಡಬಹುದು.

"ಹೆಸರು ಕೊಡು, ತಂಡದವರು ಏನಂತಾರೋ ಕೇಳಿಸ್ಕೋ, ಮೇ ಮುಗಿಯೋದ್ರೊಳಗೆ ಹೆಸರು ವಾಪಸ್ ತಗೊಂಡು ಕಾಲೇಜಿಗೆ ಹೋಗು," ಎಂದು ಆರ್ಡೆಲ್‌ನೇ ಅವನಿಗೆ ಹೇಳಿದ್ದ. "ಆ ದಿನ ದಾಟಿದ್ರೆ ಮುಗೀತು ಕಣೋ. ಕಾಲೇಜೂ ಇಲ್ಲ, ಇನ್ನೊಂದು ಡ್ರಾಫ್ಟೂ ಇಲ್ಲ. ಒಬ್ಬನ ಹೆಸರು ಒಂದೇ ಸಲ ಹೋಗೋದು."

"ಗೊತ್ತು ಮಾವ. ಸುಮ್ನೆ ನೋಡ್ಕೊಂಡು ಬರ್ತೀನಿ," ಎಂದಿದ್ದ ಟೆವಿನ್.

ಎಲ್ಲವೂ ಸರಿಯಾಗಿಯೇ ಇತ್ತು. ತಾಯಂದಿರ ದಿನದ ಭಾನುವಾರ ಬರುವ ತನಕ.

ಟೆವಿನ್‌ನ ತಾಯಿ, ಆರ್ಡೆಲ್‌ನ ತಂಗಿ ಲವಾನ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಗಂಡ ಟೆವಿನ್ ಮಾತು ಕಲಿಯುವ ಮೊದಲೇ ಮನೆ ಬಿಟ್ಟು ಹೋಗಿದ್ದ. ಆಟದ ನಿಯಮಗಿಯಮ ಅವಳಿಗೆ ಅಷ್ಟಕ್ಕಷ್ಟೇ. ಮಗ ಹೊಡೆದರೆ ಎದ್ದು ನಿಂತು ಕಿರುಚುವುದು, ತಪ್ಪಿದರೆ ರೆಫರಿಯನ್ನು ಬೈಯುವುದು, ಅವಳ ಪಾಲಿಗೆ ಆಟವೆಂದರೆ ಅಷ್ಟೇ. ಚರ್ಚು ಮುಗಿಸಿ ಬಂದ ಅಣ್ಣ ಮೇಜಿನ ಮೇಲಿಟ್ಟ ಹೂವಿನ ಗೊಂಚಲನ್ನು ಅವಳು ನೋಡಲೂ ಇಲ್ಲ. ಮೀನು ಕರಿಯುತ್ತಲೇ ಇದ್ದಳು.

"ಇವತ್ತು ಚರ್ಚಲ್ಲಿ ಮೇವಿಸ್ ನನ್ನ ಕೇಳಿದ್ಲು," ಎಂದಳು. "'ನಿಮ್ಮಣ್ಣನ ಪಟ್ಟೀಲಿ ಟೆವಿನ್ ಎಷ್ಟನೆಯೋನು?' ಅಂತ. ಎಲ್ಲರ ಮುಂದೆ. ನಾನೇನು ಹೇಳ್ಲಿ?"

"ಮೇವಿಸ್‌ಗೆ ಎಲ್ಲಾ ಗೊತ್ತು. ಬೇಕಂತಲೇ ಕೇಳಿದ್ದಾಳೆ."

"ಬೇಕಂತಲೇ ಕೇಳಿದ್ಲು. ಹೌದು. ಕೇಳೋ ಹಾಗೆ ಮಾಡಿದ್ದು ಯಾರು?" ಅವಳು ತಿರುಗಿದಳು. ಕಣ್ಣಲ್ಲಿ ನೀರಿತ್ತು, ಅದು ಎಣ್ಣೆಯ ಹೊಗೆಗೆ ಬಂದದ್ದಲ್ಲ. "ನಾನು ಬೆಳಗ್ಗೆ ಐದಕ್ಕೆ ಎದ್ದು ಊರಿನ ಮಕ್ಕಳನ್ನೆಲ್ಲ ಸ್ಕೂಲಿಗೆ ಬಿಟ್ಟು ಬಂದಿದ್ದೀನಿ ಅಣ್ಣ. ನನ್ನ ಮಗನ್ನ ಯಾರಾದ್ರೂ ತಗೊಳ್ಳಿ ಅಂತ ನಿನ್ನನ್ನ ಕೇಳ್ತಿಲ್ಲ. ತಗೊಳ್ಳೋದು ನಿನ್ನ ಕೈಲಿಲ್ಲ ಅಂತ ನಂಗೂ ಗೊತ್ತು. ಒಂದು ಸಲ, ಆ ಪಟ್ಟೀಲಿ ಅವನ ಹೆಸರು ನೋಡ್ಬೇಕು. ಅಷ್ಟೇ. ಈ ಹೂವು ಯಾರಿಗೆ ಬೇಕು?"

ಆರ್ಡೆಲ್ ಊಟ ಮಾಡಿದ. ಮನೆಗೆ ಹೋಗಿ, ಮರುದಿನ ಹಾಕಬೇಕಿದ್ದ ಹೊಸ ಪಟ್ಟಿಯನ್ನು ತೆರೆದು, ಐವತ್ತೆರಡನೆಯ ಸ್ಥಾನದಲ್ಲಿದ್ದ ಯಾವನೋ ಹುಡುಗನನ್ನು ಅಳಿಸಿ ಟೆವಿನ್ ಎಂದು ಬರೆದ. ಅರವತ್ತು ಹೆಸರಿನಲ್ಲಿ ಐವತ್ತೆರಡು. ಅಲ್ಲಿಯವರೆಗೆ ಓದುವವನು ಯಾವನು? ಹದಿನೈದು ದಿನದಲ್ಲಿ ಹುಡುಗ ಹೆಸರು ವಾಪಸ್ ತೆಗೆದುಕೊಳ್ಳುತ್ತಾನೆ, ನಾನು ಅಳಿಸುತ್ತೇನೆ, ಲವಾನ್ ಮೇವಿಸ್‌ಳ ಮುಖಕ್ಕೆ ಹಿಡಿದು ತೋರಿಸಿರುತ್ತಾಳೆ. ಯಾರ ಗಂಟು ಏನು ಹೋಯಿತು? ಹೀಗೆಂದುಕೊಂಡು ನೆಮ್ಮದಿಯಾಗಿ ಮಲಗಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆದಿದ್ದ, ಆ ರಾತ್ರಿಯೇ ಗೊರಕೆ ಹೊಡೆದ. ಅದೇ ನೋಡಿ ಮೈ ಉರಿಸುವಂಥದ್ದು.

ಈ ಕಸುಬಿನ ಗುಟ್ಟೊಂದಿದೆ. ಪಟ್ಟಿಯ ಮೇಲಿನ ಹತ್ತು ಹದಿನೈದು ಹೆಸರು ಎಲ್ಲರಿಗೂ ಗೊತ್ತು. ಕೆಳಗಿನ ಅರ್ಧ ಯಾವ ದೊರೆಮಗನಿಗೂ ಗೊತ್ತಿಲ್ಲ. ಅಲ್ಲಿ ಎಲ್ಲರೂ ಮಾಡುವುದು ಒಂದೇ: ಪಕ್ಕದವನ ಪಟ್ಟಿ ನೋಡುವುದು. ಆರ್ಡೆಲ್‌ನ ಪಟ್ಟಿಯಲ್ಲಿ ಹೊಸ ಹೆಸರು ಬಂತೆಂದರೆ ಉಳಿದವರ ಕಿವಿ ನೆಟ್ಟಗಾಗುತ್ತಿತ್ತು. ಈಗಂತೂ ಅದು ಅವನ ಸ್ವಂತ ಸೋದರಳಿಯನ ಹೆಸರು! ಇಷ್ಟು ದಿನ ಮಗುಮ್ಮಾಗಿದ್ದ ಮಾವ ಇದ್ದಕ್ಕಿದ್ದಂತೆ ಬರೆದಿದ್ದಾನೆ ಎಂದರೆ ಒಳಗೆ ಏನೋ ನಡೆದಿದೆ. ಮಂಗಳವಾರ ಲಾಸ್ ಏಂಜಲೀಸಿನ ಒಬ್ಬ ಟೆವಿನ್‌ನನ್ನು ನಲವತ್ತೇಳಕ್ಕೆ ಹಾಕಿದ. ಅವನನ್ನು ನೋಡಿ ಇನ್ನೊಬ್ಬ ನಲವತ್ತೊಂದು ಎಂದ.

ಅಷ್ಟರಲ್ಲಿ ಟೆವಿನ್‌ನ ಕಾಲು ಉಳುಕಿತು. ಮೆಟ್ಟಿಲಿಳಿಯುವಾಗ ಎಡವಿದ, ಇನ್ನೇನಿಲ್ಲ. ಎರಡು ತಂಡಗಳ ಮುಂದೆ ಆಡಿ ತೋರಿಸಬೇಕಾಗಿದ್ದದ್ದನ್ನು ಕೈಬಿಟ್ಟು ಮನೆಯಲ್ಲಿ ಐಸ್ ಇಟ್ಟುಕೊಂಡು ಕೂತ. ಬೇರೆ ಯಾವ ಜನ ಆದರೂ ಹುಡುಗನ ಕಾಲು ಉಳುಕಿದೆ ಎಂದುಕೊಳ್ಳುತ್ತಿದ್ದರು. ಡ್ರಾಫ್ಟಿನ ಈ ಜನ ಹಾಗೆಂದುಕೊಳ್ಳುವವರಲ್ಲ. ತಂಡವೊಂದು ಹುಡುಗನನ್ನು ಮೆಚ್ಚಿದರೆ "ನಿನ್ನನ್ನು ನಾವೇ ತಗೋತೀವಿ, ಬೇರೆಯವರ ಮುಂದೆ ಆಡಬೇಡ" ಎಂದು ಗುಟ್ಟಾಗಿ ಮಾತು ಕೊಡುವ ಪದ್ಧತಿ ಇವರಲ್ಲಿದೆ. ಆದ್ದರಿಂದ ಯಾವನಾದರೂ ಆಡುವುದನ್ನು ನಿಲ್ಲಿಸಿದನೆಂದರೆ ಅವನಿಗೆ ಮಾತು ಸಿಕ್ಕಿದೆ ಎಂದೇ ಅರ್ಥ. ಉಳುಕಿದ ಕಾಲು ಒಂದೇ ದಿನದಲ್ಲಿ ಕೊಟ್ಟ ಮಾತಾಯಿತು.

ಮಿಲ್ಟ್ ಎಂಬಾತ ಆರ್ಡೆಲ್‌ನ ಹಳೆಯ ಸ್ನೇಹಿತ. ಪೂರ್ವದ ಕಡೆಯ ಒಂದು ತಂಡಕ್ಕೆ ಹುಡುಗರನ್ನು ನೋಡಿ ವರದಿ ಕೊಡುವವನು. ಅವನೇ ಫೋನ್ ಮಾಡಿದ.

"ಲೋ ಕಳ್ಳಾ, ಎಷ್ಟು ಚೆನ್ನಾಗಿ ಬಾಯಿ ಮುಚ್ಕೊಂಡಿದ್ಯೋ!"

"ಏನು?"

"ನಾಟಕ ಆಡಬೇಡ. ನಿಮ್ಮ ಹುಡುಗನಿಗೆ ಮೂವತ್ತರ ಆಸುಪಾಸಲ್ಲಿ ಯಾರೋ ಮಾತು ಕೊಟ್ಟಿದ್ದಾರಂತಲ್ಲ. ನಮ್ಮ ಆಫೀಸಲ್ಲೆಲ್ಲ ಅದೇ ಮಾತು."

"ಯಾರು ಹೇಳಿದ್ದು ನಿಂಗೆ?"

"ಯಾರು ಹೇಳಿಲ್ಲ ಅಂತ ಕೇಳು. ಹೋಗ್ಲಿ ಬಿಡು, ನಿನ್ನ ಬಾಯಿ ಬಿಡಿಸೋಕೆ ನಮ್ಮಪ್ಪನ ಕೈಲೂ ಆಗಲ್ಲ."

ಫೋನ್ ಇಟ್ಟ ಆರ್ಡೆಲ್ ಕುರ್ಚಿಯಲ್ಲಿ ಹಾಗೇ ಕೂತ. ಕಾಲು ಉಳುಕಿದ್ದು ಅವನಿಗೆ ಗೊತ್ತಿತ್ತು, ಲವಾನ್‌ಳೇ ಹೇಳಿದ್ದಳು. ಆದರೆ ಉಳುಕು ತಾಯಿಗೆ ಹೇಳಿದ ನೆಪವಾಗಿದ್ದರೆ? ಗುಟ್ಟು ಕಾಯಬೇಕೆಂದು ಏಜೆಂಟ್ ಹುಡುಗನ ಕೈಯಲ್ಲಿ ಹಾಗೆ ಹೇಳಿಸಿದ್ದರೆ? ಅವನು ಇನ್ನಿಬ್ಬರಿಗೆ ಫೋನ್ ಮಾಡಿದ. ಟೆಕ್ಸಾಸಿನ ಏಜೆಂಟನೊಬ್ಬ "ಹೌದಂತೆ" ಎಂದ. ಷಿಕಾಗೋದ ಪತ್ರಕರ್ತ "ನನಗೂ ಬಂತು" ಎಂದ. ಒಬ್ಬರನ್ನೊಬ್ಬರು ಅರಿಯದ ಇಬ್ಬರಲ್ಲ, ಮೂವರು. ಇಪ್ಪತ್ತು ವರ್ಷ ಅವನು ನೆಚ್ಚಿಕೊಂಡಿದ್ದ ತಕ್ಕಡಿಯಲ್ಲಿ ತೂಗಿದರೆ ಸುದ್ದಿ ನಿಜ.

ತಾನೇ ಮೊನ್ನೆ ಮೊನ್ನೆ ಗಾಳಿಗೆ ಬಿಟ್ಟ ಮಾತು ಊರೂರು ಸುತ್ತಿ, ಮೈಕೈ ತುಂಬಿಕೊಂಡು, ತನ್ನ ಬಾಗಿಲಿಗೇ ಬಂದು ನಿಂತಿದೆ ಎಂದು ಆ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ. ಹೊಳೆಯಬಾರದೆಂದು ಅವನೇ ಕಣ್ಣು ಮುಚ್ಚಿಕೊಂಡನೋ ಏನೋ. ನಾನು ಆ ಕಾಲುಗಳನ್ನು ತಪ್ಪಾಗಿ ನೋಡಿದ್ದೆ, ಬಲ್ಲವರು ಸರಿಯಾಗಿ ನೋಡಿದ್ದಾರೆ ಎಂದುಕೊಂಡಾಗ ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಟೆವಿನ್‌ನನ್ನು ಮೂವತ್ತಾರಕ್ಕೆ ಏರಿಸಿದ.

ಹೆಸರು ವಾಪಸ್ ತೆಗೆದುಕೊಳ್ಳಲು ಉಳಿದಿದ್ದ ಆ ಕೊನೆಯ ದಿನ ಸಂಜೆ ಟೆವಿನ್ ಚರ್ಚಿನ ಹಿಂದಿನ ಅಂಗಳದಲ್ಲಿ ಒಬ್ಬನೇ ಚೆಂಡು ಹೊಡೆಯುತ್ತಿದ್ದ. ಕಾಲು ವಾಸಿಯಾಗಿತ್ತು. ಆರ್ಡೆಲ್ ಹೋಗಿ ಬುಟ್ಟಿಯ ಕೆಳಗೆ ನಿಂತು, ಹಳೆಯ ಅಭ್ಯಾಸದಂತೆ, ಬಿದ್ದ ಚೆಂಡನ್ನು ಹಿಂದಕ್ಕೆ ಎಸೆಯತೊಡಗಿದ.

"ಕೋಚ್ ಫೋನ್ ಮಾಡಿದ್ರು," ಎಂದ ಟೆವಿನ್. "ಇವತ್ತೇ ಹೇಳ್ಬೇಕಂತೆ. ಇಲ್ಲಾಂದ್ರೆ ನನ್ನ ಜಾಗಕ್ಕೆ ಒಹಾಯೋದಿಂದ ಒಬ್ಬನ್ನ ಕರೆಸ್ಕೋತಾರಂತೆ."

"ನಿನ್ನ ಏಜೆಂಟ್ ಏನಂತಾನೆ?"

"ಕಿಪ್ಪಾ? 'ಇರು' ಅಂತಾನೆ. ಎಲ್ಲಾ ಪಟ್ಟೀನೂ ತಂದು ತೋರಿಸ್ದ. ಎಲ್ಲಕ್ಕಿಂತ ಮೇಲೆ ನಿನ್ನದು ಇಟ್ಟಿದ್ದ. 'ನಿಮ್ಮ ಮಾವ ಸುಳ್ಳು ಬರೆಯೋ ಮನುಷ್ಯನಾ?' ಅಂದ."

"ಯಾವ ತಂಡದೋರಾದ್ರೂ ನಿಂಗೆ ಮಾತು ಕೊಟ್ಟಿದ್ದಾರಾ?"

ಹುಡುಗ ಚೆಂಡನ್ನು ಹಿಡಿದು ನಿಂತ. "ನನ್ನ ಹತ್ರ ಯಾರೂ ಏನೂ ಹೇಳಿಲ್ಲ ಮಾವ. ಅಂಥ ಮಾತನ್ನ ಹುಡುಗರ ಕಿವಿಗೆ ಹಾಕಲ್ಲ ಅಂತಾನೆ ಕಿಪ್. ನಿಂಗೆ ಗೊತ್ತಿರುತ್ತೆ ಅಂದ." ಚೆಂಡನ್ನು ಒಮ್ಮೆ ನೆಲಕ್ಕೆ ಬಡಿದ. "ಪಟ್ಟಿ ಗಿಟ್ಟಿ ಬಿಡು. ಆ ಪಟ್ಟಿ ಬರೆಯೋನನ್ನ ಕೇಳ್ತಿಲ್ಲ ನಾನು. ನನ್ನ ಮೊಣಕೈ ತಿದ್ದಿದ ಮಾವನ್ನ ಕೇಳ್ತಿದ್ದೀನಿ. ಇರ್ಲಾ, ವಾಪಸ್ ಹೋಗ್ಲಾ?"

ಆ ಗಳಿಗೆಯಲ್ಲಿ ಆರ್ಡೆಲ್‌ಗೆ ಆ ಕಾಲುಗಳು ಕಂಡವು. ಚೆನ್ನಾಗಿಯೇ ಕಂಡವು. ಆದರೆ ಮೂವರು ಹೇಳಿದ್ದರು. ಮೂವರ ಮುಂದೆ ಒಬ್ಬ ಸೋದರಮಾವನ ಕಣ್ಣು ಯಾವ ಲೆಕ್ಕ?

"ಇರು," ಎಂದ.

ಟೆವಿನ್ ಅಲ್ಲಿಂದಲೇ ಕೋಚ್‌ಗೆ ಫೋನ್ ಮಾಡಿದ.

ಡ್ರಾಫ್ಟಿನ ಮೊದಲ ದಿನ ಮೂವತ್ತು ಹೆಸರು, ಎರಡನೆಯ ದಿನದ ಸಂಜೆ ಉಳಿದ ಮೂವತ್ತು. ಎರಡನೆಯ ಸಂಜೆ ಚರ್ಚಿನ ನೆಲಮಾಳಿಗೆಯ ಹಾಲ್ ತುಂಬಿ ತುಳುಕುತ್ತಿತ್ತು. ಕರಿದ ಮೀನು, ಕೋಳಿ, ಬೇಯಿಸಿದ ಸೊಪ್ಪು, ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಮ್ಯಾಕರೋನಿ. ಟೆವಿನ್ ಹೊಸ ಸೂಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಆಡಿಕೊಂಡಿದ್ದ ಮೇವಿಸ್ಸೇ ಕೇಕ್ ಮಾಡಿ ತಂದಿದ್ದಳು. ಅದರ ಮೇಲೆ 'ಟೆವಿನ್' ಎಂದು ಬರೆದು, ಕೆಳಗೆ ತಂಡದ ಹೆಸರಿಗೆ ಜಾಗ ಖಾಲಿ ಬಿಟ್ಟಿದ್ದಳು. ಯಾವ ತಂಡವಾದರೂ ಸೈ, ಆ ತಂಡದ ಬಣ್ಣದಲ್ಲೇ ಬರೆಯುತ್ತೇನೆಂದು ಆರೇಳು ಬಣ್ಣದ ಕ್ರೀಮು ಕಲಸಿ, ಚೀಲಗಳಲ್ಲಿ ತುಂಬಿ ಇಟ್ಟುಕೊಂಡು ಕಾಯುತ್ತಿದ್ದಳು.

ಮೂವತ್ತಾರು ಬಂತು. ಅರಿಜೋನಾದ ಒಬ್ಬ ಉದ್ದನೆಯ ಹುಡುಗನ ಹೆಸರು ಕೂಗಿದರು.

"ಇರಲಿ, ಇರಲಿ," ಎಂದ ಪಾದ್ರಿ. "ಇನ್ನೂ ಬೇಕಾದಷ್ಟಿದೆ."

ನಲವತ್ತು ದಾಟಿತು. ಜನ ತಿನ್ನುವುದನ್ನು ನಿಲ್ಲಿಸಿದರು. ಪ್ರತಿ ಹೆಸರಿಗೂ ಮೇವಿಸ್ ಒಂದು ಬಣ್ಣದ ಚೀಲ ಎತ್ತಿಕೊಳ್ಳುವಳು, ಕೆಳಗಿಡುವಳು. ಐವತ್ತೆರಡು ಬಂತು. ಆರ್ಡೆಲ್ ತಾಯಂದಿರ ದಿನದಂದು ಕಣ್ಣು ಮುಚ್ಚಿ ಆರಿಸಿದ್ದ ಸ್ಥಾನ ಅದು. ಆ ಸ್ಥಾನಕ್ಕೆ ಲಿಥುವೇನಿಯಾದ ಹುಡುಗನ ಹೆಸರು ಬಂತು.

"ಥೂ," ಎಂದ ಹಿಂದಿನ ಸಾಲಿನಲ್ಲಿದ್ದ ಓಥಾ. ಈ ಸಲ ಯಾರೂ ನಗಲಿಲ್ಲ.

ಅರವತ್ತೂ ಮುಗಿಯಿತು. ಯಾರೋ ಟೀವಿ ಆರಿಸಿದರು. ಟೆವಿನ್ ಎದ್ದು, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಬಂದವರಿಗೆಲ್ಲ ಒಬ್ಬೊಬ್ಬರಿಗಾಗಿ ಥ್ಯಾಂಕ್ಸ್ ಹೇಳಿದ. ಹಾಗೆ ಬೆಳೆಸಿದ್ದಳು ಲವಾನ್. ಮಾವನ ಹತ್ತಿರ ಬಂದಾಗ ಮಾತ್ರ ಏನೂ ಹೇಳದೆ ಮುಂದೆ ಹೋದ. ಏಜೆಂಟ್ ಕಿಪ್‌ಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು, ಅವನು ಎತ್ತಲಿಲ್ಲ.

ಆರ್ಡೆಲ್ ಹೊರಗೆ ಹೋಗಿ ಕಾರಿನಲ್ಲಿ ಕೂತು ಮಿಲ್ಟ್‌ಗೆ ಫೋನ್ ಹಚ್ಚಿದ.

"ಮಾತು ಕೊಟ್ಟಿದ್ದು ಯಾವ ತಂಡ?"

"ಅದನ್ನ ನಾನು ನಿನ್ನ ಕೇಳ್ಬೇಕು," ಎಂದ ಮಿಲ್ಟ್. "ಯಾರು ಕೈ ಕೊಟ್ರು? ಪಾಪ, ನಂಗೂ ಬೇಜಾರಾಯ್ತು ಕಣೋ."

"ನಿಂಗೆ ಹೇಳಿದ್ದು ಯಾರು ಮಿಲ್ಟ್? ಎಲ್ಲರಿಗಿಂತ ಮೊದಲು?"

"ನೀನೇ ಅಲ್ವೇನೋ! ಮೊದಲು ಬರೆದೋನು ನೀನು. ಸ್ವಂತ ಮಾವ ಬರೆದಿದ್ದಾನೆ ಅಂದ್ಮೇಲೆ ಒಳಗೆ ಏನೋ ಇದೆ ಅಂತ ಎಲ್ಲರೂ ಅಂದ್ಕೊಂಡ್ವಿ. ಆಮೇಲೆ ಹುಡುಗ ಆಡೋದೂ ನಿಲ್ಲಿಸಿದ. ಸರಿ ಹೋಯ್ತಲ್ಲ ಲೆಕ್ಕ."

"ನಿಮ್ಮ ತಂಡದಲ್ಲಿ ಅವನನ್ನ ನೋಡಿದ್ರಾ? ಒಂದು ಸಲನಾದ್ರೂ?"

"ಒಂದು ಸಲ ಕರೆಸೋಣ ಅಂತಿದ್ವಿ. ನಮ್ಮ ಕೊನೆಯ ಆಯ್ಕೆಗೆ ದೂರದಿಂದ ಹೊಡೆಯೋನೊಬ್ಬ ಬೇಕಿತ್ತು. ಮೂವತ್ತಕ್ಕೇ ಹೋಗಿಬಿಡ್ತಾನೆ ಅಂದ್ರಲ್ಲ, ನಮ್ಮ ಕೈಗೆಲ್ಲಿ ಸಿಗ್ತಾನೆ ಅಂತ ಬಿಟ್ವಿ." ಮಿಲ್ಟ್‌ನ ದನಿ ತಗ್ಗಿತು. "ಆರ್ಡೆಲ್, ಆ ಐವತ್ತೆರಡು... ನಿಂಗೆ ಯಾರು ಹೇಳಿದ್ದು?"

ಆರ್ಡೆಲ್ ಫೋನ್ ಇಟ್ಟುಬಿಟ್ಟ.

ಬೆಳಗ್ಗೆ ಎದ್ದಾಗ ಅಭಿನಂದನೆಗಳು ಬಂದು ಬಿದ್ದಿದ್ದವು. ದೇಶದ ಪಟ್ಟಿಗಾರರಲ್ಲಿ ಈ ವರ್ಷ ಅತಿ ಹೆಚ್ಚು ಸರಿಯಾಗಿ ಹೇಳಿದವನು ಆರ್ಡೆಲ್ ಗೇನ್ಸ್. ಸೋದರಳಿಯನ ವಿಷಯದಲ್ಲಿ ಮಾತ್ರ ಕರುಳು ಕೈ ತಪ್ಪಿಸಿತು, ಅದನ್ನು ಯಾರಾದರೂ ಕ್ಷಮಿಸುತ್ತಾರೆ ಎಂದು ಒಬ್ಬ ಬರೆದಿದ್ದ. ಆರ್ಡೆಲ್ ಅದನ್ನು ಪೂರ್ತಿ ಓದದೆ ತಂಗಿಯ ಮನೆಗೆ ಹೊರಟ. ಇವತ್ತು ನಿಜ ಹೇಳಿಬಿಡಬೇಕು ಎಂದುಕೊಂಡೇ ಹೊರಟ.

ಟೆವಿನ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಲವಾನ್ ಉಳಿದ ಮೀನು ಕೋಳಿಯನ್ನೆಲ್ಲ ಅಕ್ಕಪಕ್ಕದ ಮನೆಗಳಿಗೆ ಕೊಡಲು ಹಾಳೆಯಲ್ಲಿ ಸುತ್ತುತ್ತಿದ್ದಳು. ಯಾರೂ ಮುಟ್ಟದ ಕೇಕ್ ಮೇಜಿನ ಮಧ್ಯದಲ್ಲಿತ್ತು.

"ಕೋಚ್‌ಗೆ ಫೋನ್ ಮಾಡಿದ್ದೆ," ಎಂದ ಟೆವಿನ್, ತಲೆ ಎತ್ತದೆ. "ಒಹಾಯೋದೋನು ಬಂದಾಯ್ತಂತೆ. ನನ್ನ ನಂಬರಿನ ಅಂಗೀನೇ ಕೊಟ್ಟಿದ್ದಾರಂತೆ ಅವನಿಗೆ." ಆಮೇಲೆ ಕೇಳಿದ: "ಮಾವ, ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ," ಎಂದ ಆರ್ಡೆಲ್. "ಐವತ್ತೆರಡು ಅಂತ ನಾನೇ ಹಾಕಿದ್ದು. ಅದನ್ನೇ ಎಲ್ಲರೂ ಎತ್ಕೊಂಡು ನಂಗೇ ವಾಪಸ್ ಹೇಳಿದ್ರು. ನಾನು ನಂಬಿದೆ."

"ಯಾಕೆ ಹಾಕ್ದೆ?"

ಆರ್ಡೆಲ್‌ನ ಕಣ್ಣು ಲವಾನ್‌ಳ ಬೆನ್ನಿನ ಕಡೆ ಹೋಯಿತು. ಅವಳು ಕೋಳಿ ಸುತ್ತುತ್ತಲೇ ಇದ್ದಳು. ನಿಮ್ಮಮ್ಮ ಕೇಳಿದಳು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

"ಸುಮ್ನೆ," ಎಂದ.

"ಸುಮ್ನೆ," ಎಂದ ಟೆವಿನ್ ಕೂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಲವಾನ್ ಕೈ ಒರೆಸಿಕೊಂಡು ಬಂದು ಅಣ್ಣನ ಎದುರಿಗೆ ಕೂತಳು. ರಾತ್ರಿಯಿಡೀ ಅತ್ತ ಮುಖ. ಆದರೂ ಕೇಕಿನ ಒಂದು ತುಂಡು ಕತ್ತರಿಸಿ ತಟ್ಟೆಗೆ ಹಾಕಿ ಅವನ ಮುಂದೆ ಸರಿಸಿದಳು.

"ಕೋಪ ಇಳಿಯುತ್ತೆ ಬಿಡು. ನೀನು ಹೆಸರು ಹಾಕಿದ್ದು ಒಳ್ಳೇದಕ್ಕೇ ಅಂತ ನಂಗೊತ್ತಿಲ್ವಾ? ತಗೊಳ್ಳದೇ ಇದ್ದೋರು ಅವರು, ನೀನೇನು ಮಾಡ್ತೀಯ?" ಅವಳು ಅವನ ಕೈ ಮೇಲೆ ಕೈ ಇಟ್ಟಳು. "ಬರೋ ವರ್ಷದ ಪಟ್ಟಿ ಡ್ರಾಫ್ಟ್ ಮುಗಿದ ಮಾರನೇ ದಿನಾನೇ ಬರೀತೀಯಲ್ಲ ಯಾವಾಗ್ಲೂ? ಇವತ್ತು ಬರೀತೀಯ ತಾನೇ? ಈ ಸಲ ಅವನನ್ನ ಸ್ವಲ್ಪ ಮೇಲೇ ಹಾಕಣ್ಣ. ಇಪ್ಪತ್ತರ ಒಳಗೆ ಹಾಕು. ಅವನಿಗೂ ಒಂದು ಧೈರ್ಯ ಬರುತ್ತೆ."

ಒಬ್ಬನ ಹೆಸರು ಡ್ರಾಫ್ಟ್‌ಗೆ ಒಂದೇ ಸಲ ಹೋಗುವುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಎದುರಿಗೇ ಕೂತಿದ್ದ. ಕೋಣೆಯ ಬಾಗಿಲ ಆಚೆ ಸದ್ದೇ ಇರಲಿಲ್ಲ.

"ಹಾಕ್ತೀನಮ್ಮ," ಎಂದ ಆರ್ಡೆಲ್.